ಕಾಣದ ಗೋಡೆಗೆ ತುಂಡು ಗೆರೆ

ನಕ್ಷೆ ಬಿಡಿಸುವ ನಮ್ಮ ಕೆಲಸದಲ್ಲಿ ಗೆರೆಗಳು ಎರಡು ಬಗೆ. ಕಣ್ಣಾರೆ ಕಂಡದ್ದಕ್ಕೆ ಇಡೀ ಗೆರೆ. ಇದ್ದಿರಬಹುದು ಎಂದು ಊಹಿಸಿದ್ದಕ್ಕೆ ತುಂಡು ಗೆರೆ. ಉಳಿದದ್ದೆಲ್ಲ, ಅಂದರೆ ಇಂಕು, ಹಾಳೆ, ಕಂಪ್ಯೂಟರು, ಡ್ರೋನು, ಬರುತ್ತದೆ ಹೋಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ನಾಲ್ಕಾರು ಜನ "ಮೇಡಂ, ಅನುಭವ ಬರೆದುಕೊಡಿ" ಎಂದು ಕೇಳಿದಾಗ ಇಷ್ಟನ್ನೇ ಬರೆದುಕೊಟ್ಟಿದ್ದೆ. ಸಾಲದು ಎಂದರು.

ಹಾಗಾಗಿ ಇದು. ಬಡ್ತಿಗಳ ವಿಷಯ ಬಿಟ್ಟಿದ್ದೇನೆ. ಬಿಡಲು ಹೆಚ್ಚೇನೂ ಇರಲಿಲ್ಲ. ಊಹೆಯಿಂದ ಬರೆಯುವ ಕಡೆ ಊಹೆ ಎಂದೇ ಹೇಳುತ್ತೇನೆ. ನಿವೃತ್ತರಾದವರ ನೆನಪು ಬಹಳ ಅಚ್ಚುಕಟ್ಟಾಗಿರುತ್ತದೆ. ಅಚ್ಚುಕಟ್ಟಾದ ನಕ್ಷೆಯನ್ನು ಕಂಡರೆ ಅಲ್ಲಿಗೆ ಯಾರೂ ಹೋಗಿ ನೋಡಿಲ್ಲ ಎಂದು ತಿಳಿಯಬೇಕೆಂಬುದು ನಾನು ಕಲಿತ ಪಾಠ.

ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಬಹರೈನಿಗೆ ಬಂದು ಗುದೈಬಿಯಾದ ಒಂದು ಫ್ಲಾಟಿನಲ್ಲಿ ಸಂಸಾರ ಹೂಡಿದೆ. ಮೊದಲ ಕೆಲಸ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ. ಸಾಹುಕಾರರ ವಿಲ್ಲಾಗಳ ಬಚ್ಚಲುಮನೆಗಳ ನಕ್ಷೆ ಬಿಡಿಸುತ್ತಿದ್ದೆ. ಒಂದು ದಿನ ಆ ಕಚೇರಿಗೆ ಉತ್ಖನನದ ನಕ್ಷೆಗಳ ಗುತ್ತಿಗೆ ಸಿಕ್ಕಿತು. ಬಚ್ಚಲುಮನೆಗಳಿಂದ ನಾನು ನೇರವಾಗಿ ಅಲೆಕ್ಸಾಂಡರನ ನಂತರದ ಕಾಲಕ್ಕೆ ಬಂದೆ. ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯೂ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ನೀರು ಯಾವ ಕಡೆಯಿಂದ ಹೊರಗೆ ಹೋಗುತ್ತದೆ ಎಂದೇ.

ಈ ದ್ವೀಪ ಬಹಳ ಹಿಂದಿನಿಂದ ಬಂದರು. ಸಿಂಧೂ ಕಡೆಯ ಹಡಗುಗಳು ಇಲ್ಲಿ ನಿಂತು ಮುಂದೆ ಹೋಗುತ್ತಿದ್ದವು. ಆಮೇಲೆ ಗ್ರೀಕರು ಬಂದು ಇದನ್ನು ತೈಲೋಸ್ ಎಂದು ಕರೆದರು. ಆಮೇಲೆ ನಾವು ಬಂದೆವು. ಬರುವವರೆಲ್ಲ ಸಮುದ್ರದ ಕಡೆಯಿಂದ ಬಂದದ್ದರಿಂದ, ಹಳೆಯ ಬಂದರು ಎಲ್ಲಿತ್ತು ಎಂಬ ಪ್ರಶ್ನೆಗೆ ಇಲ್ಲಿ ಸ್ವಲ್ಪ ಬೆಲೆಯಿದೆ.

ನನ್ನ ಮೇಲಧಿಕಾರಿ ಡಾಕ್ಟರ್ ಮಾರ್ತಾ. ಯುರೋಪಿನವರು, ಉದ್ದನೆಯ ಹೆಂಗಸು, ಬಿಸಿಲಿಗೆ ಮೂಗು ಸದಾ ಸುಲಿದಿರುತ್ತಿತ್ತು. ಮೊದಲ ವಾರವೇ ಅವರು ನನ್ನ ಹಾಳೆಯನ್ನೂ ನೆಲದಲ್ಲಿದ್ದ ಕಲ್ಲುಸಾಲನ್ನೂ ಮೂರು ನಾಲ್ಕು ಸಲ ನೋಡಿ, ಒಂದು ಕಲ್ಲಿನ ಮೇಲೆ ಬೆರಳಿಟ್ಟರು.

"ಇದು ಎಲ್ಲಿದೆ?"

"ಇದರ ಪಕ್ಕದ್ದು ಇದೆ, ಆ ಕಡೆಯದ್ದೂ ಇದೆ. ನಡುವೆ ಒಂದು ಇರಲೇಬೇಕಲ್ಲ ಮೇಡಂ."

"ಇರಲೇಬೇಕಾದ್ದನ್ನು ನಾನು ಬರೆಯುತ್ತೇನೆ, ಅದಕ್ಕೆ ನನಗೆ ಸಂಬಳ ಕೊಡುತ್ತಾರೆ. ನೀನು ಇದ್ದದ್ದನ್ನು ಬಿಡಿಸು."

ಆ ಕಲ್ಲನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಆಗ ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಕಿನಲ್ಲಿ ಬಿಡಿಸುವ ಕಾಲ, ತಪ್ಪಿದರೆ ಬ್ಲೇಡು. ಮಧ್ಯಾಹ್ನದ ಹೊತ್ತಿಗೆ ಇಂಕು ಪೆನ್ನಿನ ತುದಿಯಲ್ಲೇ ಒಣಗುತ್ತಿತ್ತು. ಬೆವರು ಹಾಳೆಗೆ ಬಿದ್ದರೆ ಅಲ್ಲೊಂದು ಬಾವಿ ಹುಟ್ಟುತ್ತಿತ್ತು.

ಒಮ್ಮೆ ಪ್ರದರ್ಶನಕ್ಕೆಂದು ಕಳಿಸಿದ ನಕ್ಷೆಯಲ್ಲಿ ಉತ್ತರದ ಬಾಣ ತಲೆಕೆಳಗಾಗಿ ಅಚ್ಚಾಯಿತು. ಇಡೀ ಬಂದರು ಮರುಭೂಮಿಯ ಕಡೆಗೆ ಮುಖ ಮಾಡಿ ನಿಂತಿತು. ಪ್ರದರ್ಶನ ಮುಗಿಯುವವರೆಗೂ ಯಾರೂ ದೂರಲಿಲ್ಲ. ಒಬ್ಬ ಗಣ್ಯರು ಮಾತ್ರ ಬಹಳ ಹೊತ್ತು ನೋಡಿ, ಒಂಟೆಗಳಿಗೆ ಅನುಕೂಲವಾಗಿದ್ದಿರಬೇಕು ಎಂದರಂತೆ.

ಕಂಪ್ಯೂಟರು ಬಂತು. ಅದರ ಜೊತೆಗೆ ದಯಾನಂದ ಬಂದ. ಸುರತ್ಕಲ್ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಕೆಲಸದಲ್ಲಿ ನನಗಿಂತ ಹತ್ತು ಪಟ್ಟು ವೇಗ. ನಾನು ಬ್ಲೇಡು ಹಿಡಿದು ಕೂತದ್ದನ್ನು ನೋಡಿ ಮೊದಲ ದಿನವೇ ಹೇಳಿದ: "ಅಕ್ಕಾ, ನೀವು ಹೀಗೆ ಕೆರೀತಾ ಕೂತ್ರೆ ಇನ್ನೊಂದು ನಾಗರಿಕತೆ ಮುಳುಗಿ ಹೋಗ್ತದೆ ಮಾರಾಯ್ರೆ."

"ಮುಳುಗಲಿ ಬಿಡೋ. ಅದನ್ನೂ ನಾವ ಬರೀಬೇಕಲ್ಲ."

ಹಳೆಯ ಹಾಳೆಗಳನ್ನೆಲ್ಲ ಅವನು ಕಂಪ್ಯೂಟರಿಗೆ ಇಳಿಸಿದ. ನಾನು ವರ್ಷಗಟ್ಟಲೆ ಮೊಣಕಾಲೂರಿ ಬಿಡಿಸಿದ ಗೋಡೆಗಳು ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಾಗಿ ನಿಂತವು. ಚೆನ್ನಾಗಿ ಕಾಣುತ್ತಿದ್ದವು. ಆಗಲೇ ಅನುಮಾನ ಪಡಬೇಕಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಉತ್ತರ ದಂಡೆಯಲ್ಲಿ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿ ಕಡಲು ಒಂದು ಸಣ್ಣ ಕೊಲ್ಲಿಯಾಗಿ ಒಳಗೆ ಬಂದಿದೆ. ಇಳಿತದ ಹೊತ್ತು ಕೊಲ್ಲಿಯ ಬಾಯಿ ಒಣಗಿ ಮರಳಾಗುತ್ತದೆ. ಉಬ್ಬರದಲ್ಲಿ ಸೊಂಟದವರೆಗೆ ನೀರು. ಬಾಯಿಯ ಪೂರ್ವದ ತುದಿಯಲ್ಲಿ ಕಡಿದ ಕಲ್ಲುಗಳ ಒಂದು ತುಂಡು ಗೋಡೆ, ಪಶ್ಚಿಮದ ತುದಿಯಲ್ಲಿ ಅಂಥದೇ ಇನ್ನೊಂದು. ಎರಡನ್ನೂ ನಾವು ಅಗೆದು ನೋಡಿದ್ದೆವು. ಎರಡೂ ಗ್ರೀಕರ ಕಾಲದವು. ನಡುವಿನ ಮರಳನ್ನು ಅಗೆದಿರಲಿಲ್ಲ. ಮರಳಿನಡಿ ಒಂದೇ ಉದ್ದನೆಯ ಅಲೆತಡೆ ಗೋಡೆಯಿದೆ, ಅದರ ಹಿಂದೆ ಹಡಗುಗಳು ನಿಲ್ಲುತ್ತಿದ್ದವು ಎಂಬುದು ಮಾರ್ತಾ ಅವರ ಊಹೆ. ಅವರು ಇಡೀ ವೃತ್ತಿಜೀವನವನ್ನು ಆ ಗೋಡೆಯ ಮೇಲೆ ಕಟ್ಟಿದ್ದರು. ನಾನು ಅದನ್ನು ತುಂಡು ಗೆರೆಯಲ್ಲಿ ಬಿಡಿಸಿದ್ದೆ.

ಕೊಲ್ಲಿಯ ಒಳದಂಡೆಯಲ್ಲಿ ಹಾಜಿ ಈಸಾ ಎಂಬ ಮೀನುಗಾರ ತನ್ನ ಎರಡು ದೋಣಿ ಕಟ್ಟುತ್ತಿದ್ದ. ದೋಣಿ ನಿಲ್ಲುವ ಆ ಕಟ್ಟೆಗೆ ದಯಾನಂದ ತನ್ನೂರ ಕಡಲ ಕಡೆಯ ಮಾತಿನಲ್ಲಿ 'ಹಾಜಿಯ ದಕ್ಕೆ' ಎಂದು ಹೆಸರಿಟ್ಟ. ನಕ್ಷೆಯಲ್ಲೂ ಹಾಗೇ ಬಿತ್ತು. ಹಾಜಿಯ ಮಕ್ಕಳು ಅರಾದ್ ಎಂಬ ಬಡಾವಣೆಯಲ್ಲಿ ಮನೆ ಮಾಡಿಕೊಂಡು, ಬಾ ಬಾ ಎಂದು ಕರೆಯುತ್ತಿದ್ದರು. "ಅಲ್ಲಿ ಸಮುದ್ರಕ್ಕೆ ಹೋಗಲು ಕಾರು ಬೇಕು," ಎನ್ನುತ್ತಿದ್ದ ಹಾಜಿ. ನಮ್ಮ ಜೊತೆ ಅವನದು ಗಲ್ಫಿನ ಹಿಂದಿ. ದಯಾನಂದ ಅವನಿಗೆ ರಫೀಕ್, ಅಂದರೆ ಗೆಳೆಯ; ನಾನು ಸಿಸ್ಟರ್.

ದಂಡೆಯುದ್ದಕ್ಕೂ ಹೊಸ ರಸ್ತೆ ಬರುತ್ತದೆ ಎಂದು ಗೊತ್ತಾಯಿತು. ರಸ್ತೆ ಕಂಪನಿಯವರು ನಮ್ಮ ನಕ್ಷೆ ಕೇಳಿದರು. ದಯಾನಂದ ಅಚ್ಚು ತೆಗೆದು ಕಳಿಸಿದ.

ಕೆಲವು ವಾರಗಳ ಮೇಲೆ ಸಭೆ. ರಸ್ತೆಯ ಇಂಜಿನಿಯರ್ ಆದಿಲ್, ಈಜಿಪ್ಟಿನವರು, ಬಹಳ ಮರ್ಯಾದಸ್ಥರು, ಮೇಜಿನ ಮೇಲೆ ಹಾಳೆ ಹಾಸಿದರು. ಕೆಂಪು ಗೆರೆಯ ರಸ್ತೆ ದಂಡೆಯುದ್ದಕ್ಕೂ ನೆಟ್ಟಗೆ ಬಂದು, ಕೊಲ್ಲಿಯ ಹತ್ತಿರ ಒಳಗೆ ಬಾಗಿ, ಹಾಜಿಯ ದಕ್ಕೆಯ ಮೇಲೆ ಹಾದು, ಮತ್ತೆ ಹೊರಗೆ ಹೋಗಿತ್ತು.

"ನಿಮ್ಮ ಗೋಡೆಗಾಗಿ ನಾವು ಹಿಂದೆ ಸರಿದಿದ್ದೇವೆ ಡಾಕ್ಟರ್," ಎಂದರು ಆದಿಲ್. "ಪ್ರಾಚೀನ ವಸ್ತುವಿನ ಮೇಲೆ ನಮಗೆ ಬಹಳ ಗೌರವ."

ಮಾರ್ತಾ ಹಾಳೆ ನೋಡಿದರು. ನಾನೂ ನೋಡಿದೆ. ಕೊಲ್ಲಿಯ ಬಾಯಿಗೆ ಅಡ್ಡವಾಗಿ, ಈ ತುದಿಯಿಂದ ಆ ತುದಿಗೆ, ಒಂದು ಇಡೀ ಗೆರೆ. ದಪ್ಪಗೆ, ಸಂಕೋಚವೇ ಇಲ್ಲದೆ.

"ಇದು ತುಂಡು ಗೆರೆ," ಎಂದರು ಮಾರ್ತಾ.

"ಎಲ್ಲಿ ತುಂಡಾಗಿದೆ?" ಎಂದು ಆದಿಲ್ ಬಗ್ಗಿ ನೋಡಿದರು.

ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಕಂಪ್ಯೂಟರಿಗೆ ಗೋಡೆಯ ಅಳತೆ ಕೊಟ್ಟರೆ ಸಾಲದು; ತುಂಡು ಗೆರೆಗೂ ಅಳತೆ ಕೊಡಬೇಕು. ತುಂಡು ಎಷ್ಟು ಉದ್ದ, ನಡುವಿನ ಬಿಡುವು ಎಷ್ಟು ಅಗಲ. ಜಾಗ ದೊಡ್ಡದಿದ್ದು ಈ ಅಳತೆ ಸಣ್ಣದಾಗಿ ಉಳಿದರೆ, ಬಿಡುವುಗಳು ಕಣ್ಣಿಗೆ ಕಾಣದಷ್ಟು ಕಿರಿದಾಗಿ, ತುಂಡುಗಳೆಲ್ಲ ಕೂಡಿಕೊಂಡು ಇಡೀ ಗೆರೆಯಂತೆ ಅಚ್ಚಾಗುತ್ತವೆ. ಕಂಪ್ಯೂಟರಿನ ಮಟ್ಟಿಗೆ ಅದು ಈಗಲೂ ತುಂಡು ಗೆರೆಯೇ. ಮನುಷ್ಯರ ಮಟ್ಟಿಗೆ ಗೋಡೆ. ದಯಾನಂದ ಆ ಒಂದು ಅಂಕಿಯನ್ನು ಬದಲಿಸಿರಲಿಲ್ಲ. ಹೀಗೆ ಎರಡು ಸಾವಿರ ವರ್ಷದ ಕೆಳಗೆ ಯಾರಾದರೂ ಕಟ್ಟಿದ್ದರೋ ಇಲ್ಲವೋ ಗೊತ್ತಿಲ್ಲದ ಗೋಡೆಯೊಂದನ್ನು ನಮ್ಮ ಕಚೇರಿ ಕಟ್ಟಿಕೊಟ್ಟಿತ್ತು.

"ಸರಿಯಾದ ಹಾಳೆ ಕಳಿಸುತ್ತೇವೆ," ಎಂದೆ.

ಆದಿಲ್ ನಿಜಕ್ಕೂ ನೊಂದುಕೊಂಡರು. "ಸಿಸ್ಟರ್, ಕೆಂಪು ಗೆರೆ ಮೇಲಕ್ಕೆ ಹೋಗಿ ಮಂಜೂರಾಗಿದೆ. ಈಗ ಇನ್ನೊಂದು ಹಾಳೆ ತಂದರೆ, ಮೊದಲನೆಯದು ಸುಳ್ಳೋ ಎರಡನೆಯದೋ ಎನ್ನುತ್ತಾರೆ. ಅಲ್ಲಿ ಅಗೆದು ತೋರಿಸಿ. ಗೋಡೆ ಇಲ್ಲದಿದ್ದರೆ ದಕ್ಕೆಯ ಮೇಲಿನಿಂದ ನಾನೇ ರಸ್ತೆ ತೆಗೆಯುತ್ತೇನೆ. ಇದ್ದರೆ ದಕ್ಕೆ ಹೋಗುತ್ತದೆ."

ಎಲ್ಲರೂ ಮಾರ್ತಾ ಅವರನ್ನು ನೋಡಿದೆವು. ಗೋಡೆ ಇಲ್ಲದಿದ್ದರೆ ಅವರ ಬಂದರೂ ಇಲ್ಲ. ಅವರು ಸ್ವಲ್ಪ ಹೊತ್ತು ಮೂಗಿನ ಸಿಪ್ಪೆ ಕೀಳುತ್ತಿದ್ದು, "ಅಗೆಯೋಣ," ಎಂದರು. ಹಾಜಿಯ ಮೇಲಿನ ಕರುಣೆಯಿಂದ ಎಂದು ದಯಾನಂದ ಇವತ್ತಿಗೂ ಹೇಳುತ್ತಾನೆ. ಊಹೆ. ಗೋಡೆ ಸಿಗುತ್ತದೆಂಬ ಧೈರ್ಯದಿಂದಲೂ ಇರಬಹುದು. ಅದೂ ಊಹೆ.

ವಾಪಸು ಬರುವಾಗ ಕಾರಿನಲ್ಲಿ ದಯಾನಂದ ಕೇಳಿದ: "ಅಕ್ಕಾ, ನಾನು ಊರಿಗೆ ಟಿಕೆಟ್ ತೆಗೀಬೇಕಾ?"

"ತೆಗಿ. ಅದಕ್ಕೂ ಮೊದಲ ಪಂಪಿಗೆ ಡೀಸೆಲ್ ತೆಗಿ. ಟ್ರೆಂಚಿಗೆ ನೀರು ಬರ್ತದ."

ಬಂತು. ಉಬ್ಬರದ ಹೊತ್ತಿಗೆ ಗುಂಡಿ ಕೆರೆಯಾಗುತ್ತಿತ್ತು. ಇಳಿತಕ್ಕೆ ಕಾದು, ಮರಳಿನ ಚೀಲ ಜೋಡಿಸಿ, ಪಂಪು ಹಾಕಿ, ಸ್ವಲ್ಪ ಅಗೆದು, ಮತ್ತೆ ಕಡಲಿಗೆ ಬಿಟ್ಟುಕೊಟ್ಟು ಬರುತ್ತಿದ್ದೆವು. ಆ ದಿನಗಳಲ್ಲಿ ಭಯಂಕರ ಗಾಳಿ ಇತ್ತು ಎಂದು ಬರೆದಿದ್ದೆ. ದಯಾನಂದನಿಗೆ ಓದಿ ಹೇಳಿದೆ. ಗಾಳಿಯೇ ಇರಲಿಲ್ಲ, ಅದಕ್ಕೇ ಅಷ್ಟು ಸೆಕೆ ಎಂದ. ಇಬ್ಬರದೂ ಇರಲಿ.

ಹಾಜಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ದಂಡೆಯಲ್ಲಿ ಹಾಕಿಕೊಂಡ. ವಿಷಯ ಅವನಿಗೆ ನಾನೇ ಹೇಳಿದ್ದೆ. ದಿನಾ ಚಹಾ ತರುತ್ತಿದ್ದ, ದಿನಾ ಕೇಳುತ್ತಿದ್ದ: "ಗೋಡೆ ಇದೆಯೋ, ಮಾಫಿಯೋ?" ಇಲ್ಲ ಎನ್ನುವುದಕ್ಕೆ ಇಲ್ಲಿ ನಾವೆಲ್ಲ ಮಾಫಿ ಎನ್ನುತ್ತೇವೆ.

"ಇನ್ನೂ ಗೊತ್ತಿಲ್ಲ ಹಾಜಿ."

"ಸಿಸ್ಟರ್, ಪೆನ್ನು ತೆಗೆದು ರಸ್ತೆಯನ್ನು ಆ ಕಡೆ ಹಾಕಿಬಿಡು."

"ರಸ್ತೆ ನನ್ನ ಪೆನ್ನಲ್ಲಿ ಇಲ್ಲ."

"ಗೋಡೆ ಇತ್ತಲ್ಲ?"

ನಾನು ಚಹಾ ಕುಡಿದೆ.

ಮರಳು ಮುಗಿಯಿತು. ಅದರ ಕೆಳಗೆ ಬೂದು ಬಣ್ಣದ ಜೇಡಿ. ಅದರ ಕೆಳಗೆ ಕಪ್ಪು ಕೆಸರು, ನುಣ್ಣನೆಯದು, ಕೊಳೆತ ಮೊಟ್ಟೆಯ ವಾಸನೆ. ಅಲ್ಲಲ್ಲಿ ಹೂಜಿಗಳ ಚೂರು. ಕಲ್ಲು ಒಂದೂ ಇಲ್ಲ. ಗುಂಡಿಯನ್ನು ಎರಡೂ ಕಡೆಗೆ ಉದ್ದ ಮಾಡಿದೆವು. ಕೆಸರೇ. ಆಳ ಮಾಡಿದೆವು. ಕೆಸರೇ. ಮಾರ್ತಾ ಕೆಳಗಿಳಿದು ಒಂದು ಹಿಡಿ ಎತ್ತಿ ಮೂಸಿ ನೋಡಿದರು, ಬೆರಳುಗಳ ನಡುವೆ ಉಜ್ಜಿದರು.

"ಗೋಡೆ ಇಲ್ಲ," ಎಂದರು.

ಕುರ್ಚಿಯಿಂದ ಹಾಜಿ ಕೂಗಿದ: "ಮಾಫಿ?"

"ಮಾಫಿ!" ಎಂದು ಕಿರುಚಿದ ದಯಾನಂದ. ಹಾಜಿ ಕೆಸರಿಗೆ ಇಳಿದು ಅವನನ್ನು ತಬ್ಬಿಕೊಂಡ. ಆ ಸಂಜೆ ನಮ್ಮೆಲ್ಲರ ಮನೆಗೆ ಮೀನು ಬಂತು. ನಾನು ತಿನ್ನುವವಳಲ್ಲ, ನನ್ನ ಪಾಲು ದಯಾನಂದನ ಮನೆಗೆ ಹೋಯಿತು. ಟಿಕೆಟಿನ ಮಾತು ಅವನು ಮತ್ತೆ ಎತ್ತಲಿಲ್ಲ.

ಇಲ್ಲದ್ದನ್ನು ಬಿಡಿಸುವುದು ಹೇಗೆ? ಹಾಳೆಯಲ್ಲಿ ಖಾಲಿ ಬಿಟ್ಟರೆ, ಅಲ್ಲಿ ಅಗೆದೇ ಇಲ್ಲ ಎಂದು ಅರ್ಥ. ಅಗೆದು, ನೋಡಿ, ಏನೂ ಇಲ್ಲ ಎಂದು ತಿಳಿದದ್ದಕ್ಕೆ ನಮ್ಮಲ್ಲಿ ಗೆರೆಯಿಲ್ಲ. ಗುಂಡಿಯ ನಾಲ್ಕೂ ಅಂಚು ಬಿಡಿಸಿದೆ, ಬದಿಯ ಪದರಗಳನ್ನು ಬಿಡಿಸಿದೆ, ಕಪ್ಪು ಪದರದ ಮೇಲೆ ಕೆಸರು ಎಂದು ಬರೆದೆ.

ಮಾರ್ತಾ ಪಕ್ಕದಲ್ಲಿ ಕೂತಿದ್ದರು. ಅವರ ಮುಖದಲ್ಲಿ ಸೋತವರ ಲಕ್ಷಣ ಇರಲಿಲ್ಲ. "ಎರಡು ತುದಿಯಲ್ಲಿ ಗೋಡೆ, ನಡುವೆ ಇಲ್ಲ. ಇಷ್ಟು ನುಣ್ಣನೆಯ ಕೆಸರು ಅಲೆಯಿಲ್ಲದ ನೀರಿನಲ್ಲಿ ಮಾತ್ರ ಕೂರುತ್ತದೆ. ಇಷ್ಟು ದಿನ ನಾನು ಬಾಗಿಲಿಗೆ ಗೋಡೆ ಹಾಕಿದ್ದೆ. ಹಡಗು ಒಳಗೆ ಬಂದದ್ದು ಇಲ್ಲಿಂದಲೇ. ಬಂದರಿನ ಬಾಯಿ ಎಂದು ಬರೆ."

"ನಾನು ಕೆಸರು ಕಂಡಿದ್ದೇನೆ ಮೇಡಂ. ಬಾಯಿ ಕಂಡಿಲ್ಲ."

ಅವರು ನನ್ನನ್ನೇ ನೋಡಿದರು. "ಇದನ್ನು ನಿನಗೆ ನಾನೇ ಕಲಿಸಿದ್ದು. ಎಂಥ ದಡ್ಡತನ."

ಹಾಳೆಯಲ್ಲಿ ಕೆಸರು ಎಂದೇ ಉಳಿಯಿತು.

ಎರಡನೆಯ ಸಭೆ. ಆದಿಲ್ ಕೊಟ್ಟ ಮಾತಿನಂತೆ ನಡೆದುಕೊಂಡಿದ್ದರು. ದಕ್ಕೆಯ ಮೇಲಿನ ಕೆಂಪು ಗೆರೆ ಹೋಗಿತ್ತು. ಗೋಡೆ ಇಲ್ಲದ ಮೇಲೆ ಬಾಗುವ ಅಗತ್ಯವೂ ಇರಲಿಲ್ಲ. ರಸ್ತೆ ಈಗ ದಂಡೆಯುದ್ದಕ್ಕೂ ನೆಟ್ಟಗೆ ಬಂದು, ಕೊಲ್ಲಿಯ ಬಾಯಿಗೆ ಅಡ್ಡವಾಗಿ, ಕಲ್ಲು ಮಣ್ಣು ತುಂಬಿಸಿದ ದಿಬ್ಬದ ಮೇಲೆ ಸಾಗಿ ಆಚೆ ದಡ ಸೇರುತ್ತಿತ್ತು.

"ಎಲ್ಲರಿಗೂ ಒಳ್ಳೆಯದಾಯಿತು," ಎಂದರು ಆದಿಲ್.

ಹಾಜಿಗೆ ಇದನ್ನೂ ನಾನೇ ಹೇಳಬೇಕಾಯಿತು. ಅವನು ಬಲೆ ಬಿಡಿಸುತ್ತ ಕೂತಿದ್ದ.

"ದಕ್ಕೆ ಉಳಿಯಿತು ಹಾಜಿ."

"ಅಲ್ಹಮ್ದುಲಿಲ್ಲಾಹ್. ರಸ್ತೆ ಎಲ್ಲಿ?"

"ಅದರ ಮುಂದೆ."

"ಸಮುದ್ರ?"

"ರಸ್ತೆಯ ಆ ಕಡೆ."

ಅವನು ಬಲೆಯ ಒಂದು ಗಂಟು ಬಿಡಿಸಿ ಮುಗಿಸಿದ. "ಹಾಗಾದರೆ ದೋಣಿಗೆ ಚಕ್ರ ಹಾಕಿಸಬೇಕು," ಎಂದ. ಆಮೇಲೆ ನಗಲಿಲ್ಲ. ಆ ದಿನ ಚಹಾ ಬರಲಿಲ್ಲ. ಮಗ ಅರಾದ್‌ನಿಂದ ಬಂದು ಅವನ ಸಾಮಾನು ಅಳೆದುಕೊಂಡು ಹೋದ, ತನ್ನ ಮನೆಯಲ್ಲಿ ಎಷ್ಟು ಹಿಡಿಸುತ್ತದೆ ನೋಡಲು.

ಮೂರನೆಯ ಸಭೆಗೆ, ಕೊಲ್ಲಿಯ ಬಾಯಿ ಮುಚ್ಚಬಾರದೆಂದು ವಾದಿಸಲು, ಮಾರ್ತಾ ಪ್ರಾಚೀನ ಬಂದರುಗಳ ಬಗ್ಗೆ ದೊಡ್ಡ ಭಾಷಣವನ್ನೇ ಸಿದ್ಧ ಮಾಡಿಕೊಂಡು ಬಂದರು. ಮೆಡಿಟರೇನಿಯನ್ನಿನ ಹಳೆಯ ಬಂದರುಗಳೆಲ್ಲ ಬಂದವು. ಬಂದರಿಗೆ ಗೋಡೆಗಿಂತ ಗೋಡೆಯಿಲ್ಲದ ಜಾಗ ಮುಖ್ಯ ಎಂದರು. ಆದಿಲ್ ಮರ್ಯಾದೆಯಿಂದ ಕೇಳಿದರು. ಕೇಳುತ್ತ ನನ್ನ ಹಾಳೆಯ ಮೇಲೆ ಕಣ್ಣಾಡಿಸುತ್ತಿದ್ದರು. ಕಪ್ಪು ಪದರದ ಕೆಳಗೆ ನಾನು ಗೆರೆ ಎಳೆದಿರಲಿಲ್ಲ. ತಳ ಸಿಗದಿದ್ದರೆ ತಳ ಬಿಡಿಸಬಾರದು; 'ತಳ ಕಂಡಿಲ್ಲ' ಎಂದು ಬರೆದು ಬಿಡಬೇಕು. ಹಾಗೆ ಬರೆದಿದ್ದೆ.

"ಇದೇನು, ತಳ ಕಂಡಿಲ್ಲ ಅಂದರೆ?" ಎಂದು ಭಾಷಣದ ನಡುವೆ ಕೇಳಿದರು ಆದಿಲ್.

"ಅಗೆದಷ್ಟೂ ಕೆಸರೇ ಇತ್ತು."

"ಇನ್ನೂ ಕೆಳಗೆ?"

"ಕಂಬಿ ಒತ್ತಿ ನೋಡಿದೆವು. ಪೂರ್ತಿ ಹೋಯಿತು."

"ವಾಪಸು ಬಂತಾ?"

"ಇಲ್ಲ ಸಾರ್, ಅದು ಅಲ್ಲೇ ಉಂಟು," ಎಂದ ದಯಾನಂದ.

ಮೊದಲ ಸಲ ಆದಿಲ್ ಮುಖದಲ್ಲಿ ಪ್ರಾಚೀನ ವಸ್ತುವಿನ ಬಗ್ಗೆ ನಿಜವಾದ ಭಾವ ಕಂಡಿತು. ಮಾರ್ತಾ ಅವರ ಭಾಷಣ ಅಲ್ಲಿಗೇ ನಿಂತಿತು.

ದಯಾನಂದ ಈ ಸಭೆಯನ್ನು ಬೇರೆ ಥರ ಹೇಳುತ್ತಾನೆ. ನಾನು ಪೆನ್ಸಿಲಿನ ಹಿಂಬದಿಯಿಂದ 'ತಳ ಕಂಡಿಲ್ಲ' ಎಂಬುದರ ಮೇಲೆ ಮೆಲ್ಲಗೆ ಕುಟ್ಟಿ ಆದಿಲ್ ಅವರ ಕಣ್ಣನ್ನು ಅಲ್ಲಿಗೆ ಎಳೆದೆನಂತೆ. ನನಗೆ ನೆನಪಿಲ್ಲ. ಅವನ ಕಥೆಗೆ ನಾಯಕಿ ಬೇಕು. ನನ್ನ ಕೈಯಲ್ಲಿ ಆಗ ಚಹಾದ ಲೋಟ ಇತ್ತು ಎಂದೇ ನನ್ನ ನಂಬಿಕೆ, ಆದರೆ ಆ ಲೋಟಕ್ಕೂ ನಾನು ಇಡೀ ಗೆರೆ ಹಾಕಲಾರೆ.

ಕೊರೆಯುವ ಯಂತ್ರ ಬಂತು. ಕೊರೆಯಿತು. ಹಡಗುಗಳು ನಿಂತು ಹೋಗುತ್ತಿದ್ದ ಕಾಲದಿಂದ ಒಂದೊಂದೇ ಪದರ ಕೂತ ಕೆಸರು ಒಂದು ರಸ್ತೆಯ ಭಾರ ಹೊರುವುದಿಲ್ಲ ಎಂದು ವರದಿ ಬಂತು. ಮಣ್ಣು ತುಂಬಿಸಿದಷ್ಟೂ ಇಳಿಯುತ್ತದೆ. ಆಳಕ್ಕೆ ಕಂಬ ನೆಟ್ಟು ಸೇತುವೆ ಮಾಡುವುದೊಂದೇ ದಾರಿ. ಮಾರ್ತಾ ಅವರ ಭಾಷಣಕ್ಕೆ ಬಗ್ಗದವರು ಕೆಸರಿಗೆ ಬಗ್ಗಿದರು. ಕೊಲ್ಲಿಯ ಬಾಯಿ ತೆರೆದೇ ಉಳಿಯಿತು. ಸೇತುವೆಯ ಕಾರಣದಲ್ಲಿ ಮೀನುಗಾರ ಎಂಬ ಪದವೂ ಬಂದರು ಎಂಬ ಪದವೂ ಎಲ್ಲೂ ಇಲ್ಲ.

ಸೇತುವೆ ತಗ್ಗು. ಮೊದಲು ಹಾಜಿ ಅದನ್ನು ಬೈದ. ದೋಣಿಯ ಕಂಬ ಬಿಚ್ಚಿ ಮಲಗಿಸಬೇಕಿತ್ತು, ಹೋಗುವಾಗ ಬರುವಾಗ. ಆದರೆ ಅರಾದ್‌ಗೆ ಹೋಗಲಿಲ್ಲ.

ಮಾರ್ತಾ ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಡುವ ಮೊದಲು ಹಾಜಿ ನಮ್ಮ ಮೂವರನ್ನೂ ದೋಣಿಗೆ ಕರೆದ. ಉಬ್ಬರದ ಹೊತ್ತು, ಬೆಳಗಿನ ಬಿಸಿಲು. ಇಷ್ಟು ವರ್ಷ ಆ ಜಾಗವನ್ನು ನಾನು ದಡದಿಂದಲೇ ಅಳೆದಿದ್ದೆ. ನೀರಿನ ಮೇಲಿಂದ ಒಮ್ಮೆಯೂ ನೋಡಿರಲಿಲ್ಲ. ದಕ್ಕೆಯಿಂದ ಹೊರಟು ಸೇತುವೆಯ ಹತ್ತಿರ ಬಂದೆವು. ಮೇಲೆ ಕಾರುಗಳ ಸದ್ದು.

"ತಲೆ!" ಎಂದ ಹಾಜಿ.

ಎಲ್ಲರೂ ತಲೆ ತಗ್ಗಿಸಿದೆವು. ಕಾಂಕ್ರೀಟಿನ ತಣ್ಣನೆಯ ನೆರಳು ಬೆನ್ನ ಮೇಲೆ ಹಾದುಹೋಯಿತು. ಆಚೆ ಬಯಲು ಕಡಲು.

"ಇಲ್ಲಿಂದಲೇ ಬರುತ್ತಿದ್ದರಾ ನಿಮ್ಮ ಗ್ರೀಕರು?" ಎಂದು ಹಾಜಿ ಕೇಳಿದ. ನಾನು ಇಂಗ್ಲಿಷಿನಲ್ಲಿ ದಾಟಿಸಿದೆ.

"ಇರಬಹುದು," ಎಂದರು ಮಾರ್ತಾ.

"ಕಸ್ಟಮ್ಸ್ ಎಲ್ಲಿತ್ತು?"

"ಬಹುಶಃ ನಿನ್ನ ದಕ್ಕೆಯಲ್ಲಿ."

ಹಾಜಿಗೆ ಅದು ಬಹಳ ಹಿಡಿಸಿತು. ದಯಾನಂದನ ತೊಡೆಗೆ ಹೊಡೆದು, "ರಫೀಕ್, ಬ್ಯಾಗ್ ಬಿಚ್ಚಿ ತೋರಿಸು!" ಎಂದ.

ಸ್ವಲ್ಪ ದೂರ ಹೋದ ಮೇಲೆ ಮಾರ್ತಾ ಹಿಂತಿರುಗಿ ನೋಡಿದರು. "ನಾವು ತಪ್ಪು ದಿಕ್ಕಿನಲ್ಲಿ ಬಂದೆವು. ಹಡಗುಗಳು ಹೊರಗಿನಿಂದ ಒಳಗೆ ಬರುತ್ತಿದ್ದವು. ಇನ್ನೊಮ್ಮೆ ಹೋಗಬಹುದಾ ಕೇಳು."

ಕೇಳಿದೆ. ಹಾಜಿ ಗೊಣಗಿದ, ಮೀನಿನ ಹೊತ್ತು ಮೀರುತ್ತದೆ, ಡೀಸೆಲ್ ಯಾರಪ್ಪನದು ಎಂದ. ಆಮೇಲೆ ದೋಣಿ ತಿರುಗಿಸಿದ. ಕಡಲಿನ ಕಡೆಯಿಂದ ನೋಡಿದಾಗ ಪೂರ್ವದ ಕಲ್ಲು ಎಡಕ್ಕೆ, ಪಶ್ಚಿಮದ ಕಲ್ಲು ಬಲಕ್ಕೆ, ನಡುವೆ ನೀರು. ಸೇತುವೆ ಹತ್ತಿರ ಬಂತು. ಈ ಸಲ ಹಾಜಿ ಏನೂ ಹೇಳಬೇಕಾಗಲಿಲ್ಲ.